ದಾರ ಕಟ್ಟಿದ ಸೂಕ್ಷ್ಮದರ್ಶಕ

ನನಗೆ ಬರುವ ವಿದ್ಯೆ ಒಂದೇ: ಮಂದಿಯ ದನಿ ತೆಗೆಯುವುದು. ಬಾಗಲಕೋಟೆ ಬಸ್ಸಿನ ಕಂಡಕ್ಟರು ಮೂಗಿನಿಂದ ಊರುಗಳ ಹೆಸರು ಕೂಗುವುದು, ಇಳಕಲ್ಲಿನ ಸೀರೆ ವ್ಯಾಪಾರಿ ಬೆಲೆ ಕೇಳಿ ಹೊಟ್ಟೆನೋವು ಬಂದವರಂತೆ ನರಳುವುದು, ನಮ್ಮ ಅಪ್ಪ ಸಿಟ್ಟು ಮಾಡುವ ಮುಂಚೆ ಮೂರು ಸಲ ಕೆಮ್ಮುವುದು, ಎಲ್ಲವೂ ಹತ್ತು ವರ್ಷಕ್ಕೇ ನನ್ನ ಗಂಟಲಿಗೆ ಬಂದು ಕೂತಿದ್ದವು. ನಿನ್ನ ಸ್ವಂತ ದನಿ ಯಾವುದು ಎಂದು ಯಾರಾದರೂ ಕೇಳಿದ್ದರೆ ಹುಡುಕಬೇಕಾಗುತ್ತಿತ್ತು. ಈ ವಿದ್ಯೆಯಿಂದ ಬೆನ್ನು ತಟ್ಟಿಸಿಕೊಂಡಿದ್ದೇನೆ. ಅದೇ ಬೆನ್ನಿಗೆ ಗುದ್ದುಗಳೂ ಬಿದ್ದಿವೆ. ಎರಡನ್ನೂ ನಗುತ್ತ ಹೇಳಬಲ್ಲೆ. ಆದರೆ ನಮ್ಮ ಅಕ್ಕನ ಶಾಲೆ ಮುಚ್ಚಿದ್ದರಲ್ಲಿ ಈ ವಿದ್ಯೆಯ ಕೈಯೂ ಇತ್ತು ಎಂಬುದನ್ನು ನಗುತ್ತ ಹೇಳಲು ಇನ್ನೂ ಕಲಿತಿಲ್ಲ.

ನಮ್ಮೂರು ಕಮತಗಿಯಿಂದ ನಾಲ್ಕು ಮೈಲಿ. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಊರಿನ ಶಾಲೆ ಏಳನೆಯ ತರಗತಿಯವರೆಗೆ. ಏಳಕ್ಕೆ ಮುಲ್ಕಿ ಪರೀಕ್ಷೆ. ಅದು ಮುಗಿದರೆ ಹುಡುಗರು ಬುತ್ತಿ ಕಟ್ಟಿಕೊಂಡು ಕಮತಗಿಯ ಹೈಸ್ಕೂಲಿಗೆ ನಡೆಯುತ್ತಿದ್ದರು, ಹುಡುಗಿಯರು ಮಗ್ಗದ ಮನೆಗೆ ಹೋಗುತ್ತಿದ್ದರು. ಯಾರೂ ಕೂತು ಮಾಡಿದ ಕಾಯ್ದೆಯಲ್ಲ. ನಾಲ್ಕು ಮೈಲಿ ಬಯಲು ದಾರಿ, ದೊಡ್ಡಾಗುತ್ತಿರುವ ಹುಡುಗಿ, ಇವೆರಡನ್ನು ಕೂಡಿಸಿದರೆ ಪ್ರತಿ ಮನೆಯಲ್ಲೂ ಒಂದೇ ಉತ್ತರ ಬರುತ್ತಿತ್ತು.

ಅಕ್ಕ ನನಗಿಂತ ಒಂದು ತರಗತಿ ಮುಂದೆ. ಅವಳು ಮುಲ್ಕಿ ಪಾಸಾದ ವರ್ಷವೇ ನಮ್ಮ ಹೆಡ್ ಮಾಸ್ತರರು ಹುನಗುಂದಕ್ಕೆ ಅಲೆದಲೆದು ಚಪ್ಪಲಿ ಸವೆಸಿ ಊರಿಗೆ ಎಂಟನೆಯ ತರಗತಿ ತಂದರು. ತಂದರು ಎಂದರೆ ಒಂದು ಕಾಗದ ತಂದರು. ಅದರಲ್ಲಿ ಅಪ್ಪಣೆ ಇತ್ತು. ಕೋಣೆ, ವಿಜ್ಞಾನದ ಮಾಸ್ತರು, ಬೆಂಚು, ಒಂದು ಗಾಜಿನ ನಳಿಗೆ, ಯಾವುದೂ ಇರಲಿಲ್ಲ. ಒಂದು ವರ್ಷ ನಡೆಸಿ ತೋರಿಸಿರಿ, ತಪಾಸಣೆ ಆಗಲಿ, ಆಮೇಲೆ ಒಂಬತ್ತು, ಹತ್ತು ಕೊಡುವುದನ್ನು ನೋಡೋಣ ಎಂದು ಬರೆದಿತ್ತು. ಮಾಸ್ತರರು ಆ ಕಾಗದವನ್ನು ಬೀರಪ್ಪನ ಗುಡಿಯ ಕಟ್ಟೆಯ ಮೇಲೆ ನಿಂತು ಓದಿದಾಗ ಮಂದಿ ಚಪ್ಪಾಳೆ ತಟ್ಟಿದರು. ಎಂಟನೆಯ ತರಗತಿಗೆ ಜಾಗವಾಗಿ ಆ ಗುಡಿಯ ಪಡಸಾಲೆಯೇ ಸಿಕ್ಕಿತು. ಡೊಳ್ಳಿನವರು ಬಂದ ದಿನ ಇತಿಹಾಸಕ್ಕೆ ರಜೆ, ಕುರಿ ಹಾಯ್ದು ಬಂದ ದಿನ ಗಣಿತಕ್ಕೆ ರಜೆ. ವಿಜ್ಞಾನಕ್ಕೆ ಬೇರೆ ರಜೆ ಬೇಕಿರಲಿಲ್ಲ, ಕಲಿಸುವವರೇ ಇರಲಿಲ್ಲ.

ಪಂಚಾಯ್ತಿ ಕಟ್ಟೆಯ ರೇಡಿಯೋದಲ್ಲಿ ವರ್ಷಕ್ಕೊಮ್ಮೆ ಬಜೆಟ್ಟಿನ ಸುದ್ದಿ ಬರುತ್ತಿತ್ತು. ಶಿಕ್ಷಣಕ್ಕೆ ಹಿಂದಿಗಿಂತ ಹೆಚ್ಚು ಹಣ ಎಂದು ಓದುವವರ ದನಿ ನನಗೆ ಬಹಳ ಇಷ್ಟ. ತುಪ್ಪ ಸವರಿದ ಹಾಗೆ ಇರುತ್ತಿತ್ತು. ನಾನು ಅದೇ ದನಿಯಲ್ಲಿ "ನಮ್ಮೂರ ಎಂಟನೆಯ ತರಗತಿಗೆ ಈ ವರ್ಷ ಒಂದು ಬೀರಪ್ಪನ ಗುಡಿ, ಹನ್ನೆರಡು ಕುರಿ ಮಂಜೂರಾಗಿವೆ" ಎಂದು ಓದಿದರೆ ಕಟ್ಟೆಯವರೆಲ್ಲ ನಗುತ್ತಿದ್ದರು. ಹೆಡ್ ಮಾಸ್ತರರು ಮಾತ್ರ ನಗಲಿಲ್ಲ.

"ನಗಬ್ಯಾಡ್ರಿ," ಎಂದರು. "ಸಣ್ಣ ಸಾಲಿಗೆ ಅಂತ ಏನರ ಒಂದೀಟು ಬರತೈತಿ. ಕಾಲೇಜಿಗೆ ಅಂದ್ರ ಮಂತ್ರಿಗಳ ಬಂದು ಕಲ್ಲು ಇಡತಾರ. ನಡುವಿನ ಎಂಟು, ಒಂಬತ್ತು, ಹತ್ತು, ಇವಕ್ಕ ಹೇಳವ್ರಿಲ್ಲ ಕೇಳವ್ರಿಲ್ಲ. ತಬ್ಬಲಿ ವರ್ಗ ಇವು."

ಅಪ್ಪ ಅಕ್ಕನಿಗೆ ಒಂದು ಮಾತು ಹೇಳಿಬಿಟ್ಟಿದ್ದ. "ಊರಾಗ ಎಷ್ಟನೇತ್ತಿ ತನಕ ಐತಿ ಅಷ್ಟನೇತ್ತಿ ತನಕ ಕಲಿ. ನಾ ಬ್ಯಾಡ ಅನ್ನೂದಿಲ್ಲ. ಊರು ದಾಟಿ ಕಳಸೂದಿಲ್ಲ." ಅಂದರೆ ಒಂಬತ್ತನೆಯ ತರಗತಿ ಊರಿಗೆ ಬಂದರೆ ಅಕ್ಕ ಶಾಲೆಗೆ, ಬರದಿದ್ದರೆ ಮಗ್ಗಕ್ಕೆ. ಅವಳ ಹಣೆಬರಹ ತಪಾಸಣೆಗೆ ಬರುವ ಸಾಹೇಬರ ಪೆನ್ನಿನಲ್ಲಿತ್ತು.

ತಪಾಸಣೆಯ ದಿನ ಗೊತ್ತಾದ ಕೂಡಲೇ ಊರು ಮಾಡಿದ್ದು ತನಗೆ ಗೊತ್ತಿದ್ದ ಕೆಲಸವನ್ನೇ. ನಮ್ಮ ಕಡೆ ಕನ್ಯಾ ನೋಡಲು ಬೀಗರು ಬರುತ್ತಾರೆಂದರೆ ಓಣಿಯೆಲ್ಲ ಒಂದಾಗುತ್ತದೆ. ಒಬ್ಬರ ಮನೆಯ ಜಮಖಾನೆ, ಇನ್ನೊಬ್ಬರ ಮನೆಯ ಬೆಳ್ಳಿ ಲೋಟ, ಮತ್ತೊಬ್ಬರ ಗಡಿಯಾರ ಬಂದು ಆ ಮನೆಯಲ್ಲಿ ಕೂಡುತ್ತವೆ. ಹುಡುಗಿಯ ಕೊರಳಲ್ಲಿರುವ ಸರ ಯಾರದೆಂದು ಓಣಿಯ ಕೂಸಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ಸಾಹೇಬರಿಗೂ ಹಾಗೆಯೇ ತಯಾರಿ ನಡೆಯಿತು. ಗುಡಿಯನ್ನು ಬಿಟ್ಟು ಹತ್ತಿ ವ್ಯಾಪಾರಿಯೊಬ್ಬರ ಮನೆಯ ಹೊಸ ಅಂಕಣಕ್ಕೆ ಸುಣ್ಣ ಬಳಿದು ಎಂಟನೆಯ ತರಗತಿ ಎಂದು ಬೋರ್ಡು ತೂಗುಹಾಕಿದರು. ಬೆಂಚುಗಳು ಪಂಚಾಯ್ತಿಯಿಂದ ಬಂದವು. ಭೂಪಟ ಬಂದಿತು, ಗಡಿಯಾರ ಬಂದಿತು. ವಿಜ್ಞಾನದ ಸಾಮಾನು ಮಾತ್ರ ಯಾರ ಮನೆಯಲ್ಲೂ ಇರಲಿಲ್ಲ.

ಇಳಕಲ್ಲಿನ ಕಡೆಯ ಒಂದು ಶಾಲೆಯಲ್ಲಿ ಹೆಡ್ ಮಾಸ್ತರರ ಗೆಳೆಯರಿದ್ದರು. ಅಲ್ಲಿ ಒಂದು ಕಟ್ಟಿಗೆಯ ಪೆಟ್ಟಿಗೆ: ನಳಿಗೆಗಳು, ಒಂದು ತಕ್ಕಡಿ, ಒಂದು ಸೂಕ್ಷ್ಮದರ್ಶಕ. ಎರಡು ದಿನಕ್ಕೆಂದು ಬೇಡಿ ತರಲು ಮಾಸ್ತರರು ಹೊರಟಾಗ ಪೆಟ್ಟಿಗೆಯ ಇನ್ನೊಂದು ಕಿವಿ ಹಿಡಿಯಲು ನಾನು. ಅಲ್ಲಿನ ವಿಜ್ಞಾನದ ಮಾಸ್ತರು ಮೈಸೂರು ಸೀಮೆಯವರು. ಈರುಳ್ಳಿಯ ಪದರ ಹೇಗೆ ಬಿಡಿಸಬೇಕು, ಗಾಜಿನ ಮೇಲೆ ಹೇಗೆ ಇಡಬೇಕು, ತಿರುಪು ಹೇಗೆ ತಿರುಗಿಸಬೇಕು ಎಂದು ಒಂದು ತಾಸು ವಿವರಿಸಿದರು. ನಮ್ಮ ಹೆಡ್ ಮಾಸ್ತರರು ಕನ್ನಡ ಪಂಡಿತರು. ಅವರಿಗೆ ತಿಳಿಯಿತೋ ಇಲ್ಲವೋ, ನನಗಂತೂ ಏನೂ ತಿಳಿಯಲಿಲ್ಲ. ಆದರೆ ಅಷ್ಟೂ ಮಾತು ಕೆಮ್ಮು ಸಮೇತ ನನ್ನ ಗಂಟಲಿಗೆ ಇಳಿಯಿತು.

ಕಮತಗಿಯಿಂದ ಊರಿಗೆ ಟಾಂಗಾ. ಟಾಂಗಾದ ಕಾಕಾ ನಮ್ಮ ಓಣಿಯ ಮಸೀದಿ ಪಕ್ಕದ ಮನೆಯವರು, ಬಾಯಿಗೆ ಲಗಾಮು ಕುದುರೆಗೆ ಮಾತ್ರ ಎಂದು ನಂಬಿದವರು.

"ಏನ್ರಿ ಮಾಸ್ತರ, ಈ ಪೆಟಗಿ ನನಗ ಪರಿಚಯ ಐತಿ," ಎಂದರು. "ಹೋದ ತಿಂಗಳ ಆ ಕಡಿ ಊರಿಗೆ ಒಯ್ದಿದ್ದೆ. ಅದರ ಹಿಂದಿನ ತಿಂಗಳ ಇನ್ನೊಂದೂರಿಗೆ. ಎಷ್ಟು ಮನಿಗೆ ಸೊಸಿ ಆಗೂದೈತೋ ಇದಕ್ಕ!"

"ಸುಮ್ನ ಹೊಡೀರಿ ಕಾಕಾ."

"ಹೊಡೀತೇನ್ರಿ. ಹಾದ್ಯಾಗ ಕಲ್ಲು ಭಾಳ, ಸೊಸಿ ಸೊಂಟ ಮುರದ್ರ ನನ್ನ ಬೈಬ್ಯಾಡ್ರಿ."

ಕಾಕಾನ ಬಾಯಿ ಹಾಳಾಗಲಿ, ಹಾಗೆಯೇ ಆಯಿತು. ಊರಿಗೆ ಬಂದು ತೆರೆದರೆ ಸೂಕ್ಷ್ಮದರ್ಶಕದ ತೋಳು ಸಡಿಲಾಗಿ ಗೋಣು ಚೆಲ್ಲಿತ್ತು. ಹೆಡ್ ಮಾಸ್ತರರು ಅಪ್ಪನನ್ನು ಕರೆಸಿದರು. ಅಪ್ಪ ಬಂದು ನೋಡಿದ, ಮೂರು ಸಲ ಕೆಮ್ಮಿ ನನ್ನನ್ನು ಬೈದ, ಆಮೇಲೆ ಮಗ್ಗದಿಂದ ಸೆರಗಿನ ಕೆಂಪು ರೇಷ್ಮೆ ದಾರ ತಂದು ತೋಳಿಗೂ ಕಂಬಕ್ಕೂ ಸುತ್ತಿ ನೇಕಾರರ ಗಂಟು ಹಾಕಿದ. ಅಲುಗಾಡಲಿಲ್ಲ. ದಾರದ ತುದಿ ಕತ್ತರಿಸಿದವಳು ಅಕ್ಕ. ಕತ್ತರಿಸಿದ ಮೇಲೆ ಕಣ್ಣಿಟ್ಟು ನೋಡಿದಳು. ಕತ್ತಲೆ ಕಂಡಿತು. ಹಗಲು ನೋಡಬೇಕೆಂದು ಮಾಸ್ತರರು ಹೇಳಿದರು. ಅವಳು ಬೆಳಗಾಗುವುದನ್ನು ಕಾದಳು.

ಮರುದಿನ ನಾನು ಏಳನೆಯ ತರಗತಿಯಿಂದ ಎಂಟಕ್ಕೆ ಒಂದೇ ದಿನದ ಮಟ್ಟಿಗೆ ಪಾಸಾದೆ. "ಸಾಹೇಬ್ರು ವಿಜ್ಞಾನ ಕೇಳಿದ್ರ ನೀ ಏಳು. ನಿನ್ನೆ ಕೇಳಿದ್ದನ್ನ ಹೇಳು. ನಕ್ಕು ಗಿಕ್ಕೀಯ," ಎಂದು ಹೆಡ್ ಮಾಸ್ತರರು ಕಿವಿ ಹಿಂಡಿ ಕೂರಿಸಿದರು.

ಸಾಹೇಬರು ಬಂದರು. ದುಂಡಗಿದ್ದರು, ಒಳ್ಳೆಯವರೇ. ಅವರು ಕೇಳಿದ ಮೊದಲ ಪ್ರಶ್ನೆಯೇ ಸೂಕ್ಷ್ಮದರ್ಶಕದ್ದು. ನಾನು ಎದ್ದು, ಮೈಸೂರು ಮಾಸ್ತರರ ಹಾಗೆ ಒಮ್ಮೆ ಕೆಮ್ಮಿ, "ಈರುಳ್ಳಿಯ ತೆಳುವಾದ ಪದರವನ್ನು ಗಾಜಿನ ಫಲಕದ ಮೇಲೆ ಹರಡಿ" ಎಂದು ಶುರು ಮಾಡಿದೆ. ಉಳ್ಳಾಗಡ್ಡಿ ಎನ್ನುವ ಊರಿನಲ್ಲಿ ಈರುಳ್ಳಿ ಎಂದ ಕೂಡಲೇ ಹಿಂದಿನ ಬೆಂಚಿನಲ್ಲಿ ಒಬ್ಬ ಗೊಳ್ಳೆಂದ. ನಾನು ನಿಲ್ಲಲಿಲ್ಲ. ಒಂದು ತಾಸಿನ ಪಾಠವನ್ನು ಹತ್ತು ನಿಮಿಷಕ್ಕೆ ಇಳಿಸಿ, ಕೊನೆಗೆ "ತಿಳಿಯಿತೇ ಮಕ್ಕಳೇ?" ಎಂದು ಸಾಹೇಬರನ್ನೇ ಕೇಳಿಬಿಟ್ಟೆ. ಅವರು ಹೊಟ್ಟೆ ಕುಣಿಸಿ ನಕ್ಕರು.

ಅಕ್ಕ ಅಷ್ಟರಲ್ಲಿ ಪದರ ಬಿಡಿಸಿ ಗಾಜಿನ ಮೇಲಿಟ್ಟು ಕಣ್ಣು ಹಚ್ಚಿದ್ದಳು. ತೆಗೆಯಲಿಲ್ಲ. ಸಾಹೇಬರು ಏನು ಕಾಣುತ್ತದೆ ಎಂದು ಕೇಳಿದರು.

"ಇಟ್ಟಂಗಿ ಗ್ವಾಡಿ ಕಂಡಂಗ ಕಾಣ್ತೈತ್ರಿ. ಒಂದೊಂದ್ರಾಗ ಒಂದೊಂದು ಚುಕ್ಕಿ ಐತ್ರಿ," ಎಂದಳು, ಕಣ್ಣು ತೆಗೆಯದೆ. "ಆ ಚುಕ್ಕಿ ಯಾಕ ಐತ್ರಿ ಸರ್?"

ಸಾಹೇಬರು ಹೆಡ್ ಮಾಸ್ತರರನ್ನು ನೋಡಿದರು. ಹೆಡ್ ಮಾಸ್ತರರು ನನ್ನನ್ನು ನೋಡಿದರು. ನನ್ನ ಮೈಸೂರು ಮಾಸ್ತರರು ಚುಕ್ಕಿಯ ಬಗ್ಗೆ ಏನೂ ಹೇಳಿರಲಿಲ್ಲ. "ಊಟಕ್ಕ ಏಳೋಣಲ್ರಿ," ಎಂದರು ಹೆಡ್ ಮಾಸ್ತರರು. ಹೋಳಿಗೆ, ಬದನೆಕಾಯಿ ಎಣಗಾಯಿ. ಸಾಹೇಬರು ಎರಡು ಸಲ ಬಡಿಸಿಕೊಂಡು ಹೋದರು. ಕಾಕಾ ಪೆಟ್ಟಿಗೆಯನ್ನು ದಾರದ ಸಮೇತ ತಿರುಗಿ ಒಯ್ದರು.

ಎರಡು ತಿಂಗಳಿಗೆ ಕಾಗದ ಬಂದಿತು. ಹೆಡ್ ಮಾಸ್ತರರು ನಾಲ್ಕು ಕೇಳಿದ್ದರು: ಒಂದು ಕೋಣೆ, ಸಾಮಾನು, ವಿಜ್ಞಾನದ ಮಾಸ್ತರು, ಒಂಬತ್ತನೆಯ ತರಗತಿ. ಮೇಲಿನ ಕಚೇರಿಯ ಉತ್ತರ ಹೀಗಿತ್ತು: ತಪಾಸಣಾ ವರದಿಯ ಪ್ರಕಾರ ಸದರಿ ಶಾಲೆಯಲ್ಲಿ ಕೋಣೆ ವಿಶಾಲವಾಗಿದೆ, ಉಪಕರಣಗಳು ಸಾಕಷ್ಟಿವೆ, ವಿಜ್ಞಾನ ಬೋಧನೆ ಉತ್ತಮವಾಗಿದೆ, ಆದ್ದರಿಂದ ಹಣ ಮಂಜೂರು ಮಾಡುವ ಅವಶ್ಯಕತೆ ಕಂಡುಬರುವುದಿಲ್ಲ, ಒಂಬತ್ತನೆಯ ತರಗತಿಯ ವಿಷಯ ಮುಂದಿನ ವರ್ಷ ಪರಿಶೀಲಿಸಲಾಗುವುದು.

ವಿಜ್ಞಾನ ಬೋಧನೆ ಉತ್ತಮ! ಬೋಧಿಸಿದವನು ನಾನು. ಏಳನೆಯ ತರಗತಿಯಲ್ಲಿ ಗಣಿತಕ್ಕೆ ಒದ್ದಾಡುತ್ತಿದ್ದ ನಾನು ಸರಕಾರದ ಕಾಗದದಲ್ಲಿ ವಿಜ್ಞಾನದ ಮಾಸ್ತರನಾಗಿ ಕೂತಿದ್ದೆ, ಪಗಾರವಿಲ್ಲದೆ. ಆ ದಿನ ಕಟ್ಟೆಯ ಮೇಲೆ ಯಾರೋ ಆ ಸಾಹೇಬರ ದನಿ ತೆಗೆ ಎಂದರು. ನನಗೆ ಬರಲಿಲ್ಲ. ಗಂಟಲಲ್ಲಿ ಸಿಟ್ಟು ತುಂಬಿದ್ದರೆ ಬೇರೆಯವರ ದನಿಗೆ ಜಾಗವಿರುವುದಿಲ್ಲವೆಂದು ಅವತ್ತೇ ತಿಳಿದದ್ದು.

ಅಕ್ಕ ಎಂಟು ಪಾಸಾಗಿದ್ದಳು. ಹೆಡ್ ಮಾಸ್ತರರು ಅಪ್ಪ ಕಾಲು ಇಳಿಬಿಟ್ಟು ನೇಯುವ ಮಗ್ಗದ ಕುಣಿಯ ಪಕ್ಕ ಬಂದು ಕೂತರು. "ಇನ್ನೊಂದು ವರ್ಷ ಎಂಟನೇತ್ತಿಯೊಳಗ ಕೂಡಲಿ. ಹುಡುಗ್ರ ಸಂಖ್ಯಾ ಕಡಿಮಿ ಆದ್ರ ಇರೂದನ್ನೂ ಮುಚ್ಚತಾರ. ಮುಂದಿನ ವರ್ಷ ಒಂಬತ್ತು ಬರತೈತಿ," ಎಂದರು.

"ಪಾಸಾದಕಿ ಮತ್ತ ಯಾಕ ಕೂಡಬೇಕ್ರಿ? ಫೇಲಾದವ್ರು ಕೂಡೂದು," ಎಂದ ಅಪ್ಪ.

"ನಾ ಕೂಡ್ತೇನಿ," ಎಂದಳು ಅಕ್ಕ ಒಳಗಿನಿಂದ.

ಅಪ್ಪ ಲಾಳಿ ಎಸೆಯುವುದನ್ನು ನಿಲ್ಲಿಸಿದ. "ಒಂದು ವರ್ಷ. ಖರೆ ಹೇಳ್ತೇನಿ, ಒಂದ ವರ್ಷ. ಬರಲಿಲ್ಲಂದ್ರ ಈ ಕುಣಿಯಾಗ ಇಳೀಬೇಕು."

ಹೀಗೆ ಪಾಸಾದ ಆರು ಹುಡುಗಿಯರು ಪಾಸಾದ ತರಗತಿಯಲ್ಲೇ ಮತ್ತೊಂದು ವರ್ಷ ಕೂತರು. ಮುಲ್ಕಿ ದಾಟಿ ನಾನೂ ಈ ಸಲ ನ್ಯಾಯವಾಗಿ ಎಂಟಕ್ಕೆ ಬಂದೆ. ಓದಿದ ಪುಸ್ತಕವನ್ನೇ ಅಕ್ಕ ಮತ್ತೆ ಓದಿದಳು. ನಾನು ಕಾಡುತ್ತಿದ್ದೆ, "ಏನಕ್ಕಾ, ಎಂಟನೇತ್ತಿ ಅಂದ್ರ ನಿನಗ ತವರುಮನಿ ಆಗೇತಿ." ಅವಳು ಪುಸ್ತಕದಿಂದಲೇ ತಲೆಗೆ ಹೊಡೆಯುತ್ತಿದ್ದಳು.

ಎರಡನೆಯ ತಪಾಸಣೆಯ ಸುದ್ದಿ ಬಂದಾಗ ಓಣಿ ಮತ್ತೆ ಜಮಖಾನೆ ಝಾಡಿಸತೊಡಗಿತು. ಹೆಡ್ ಮಾಸ್ತರರು ಮತ್ತೆ ಇಳಕಲ್ಲಿಗೆ ಹೊರಡುವುದರಲ್ಲಿದ್ದರು. ಗುಡಿಯ ಪಡಸಾಲೆಯಲ್ಲಿ ಹಿರಿಯರೆಲ್ಲ ಕೂತಿದ್ದಾಗ ಅಕ್ಕ ಎದ್ದು ನಿಂತಳು. ಹುಡುಗಿ ಹಿರಿಯರ ಮುಂದೆ ಎದ್ದು ನಿಂತಿದ್ದೇ ಒಂದು ಸುದ್ದಿ.

"ಸರ್, ಹೋದ ವರ್ಷ ಕನ್ಯಾ ನೋಡಾಕ ಬಂದವರಿಗೆ ತೋರಿಸಿದಂಗ ತೋರಿಸಿದ್ರಿ. ಎಲ್ಲಾ ಐತಿ ಅಂತ ಬರಕೊಂಡು ಹೋದ್ರು. ದವಾಖಾನಿಗೆ ಹೋಗಿ ಯಾರರ ನಾ ಆರಾಮ ಅದೇನಿ ಅಂತಾರೇನ್ರಿ? ಎಲ್ಲಿ ನೋಯ್ತೈತಿ ಅದನ್ನ ತೋರಿಸಬೇಕಲ್ರಿ."

ಟಾಂಗಾದ ಕಾಕಾ ಬಾಗಿಲ ಬಳಿ ನಿಂತವರು, "ಹುಡಿಗಿ ಖರೆ ಹೇಳಾಕತ್ತಾಳ್ರಿ. ನನ್ನ ಭಾಡಿಗಿ ಹೋದ್ರ ಹೋಗಲಿ," ಎಂದರು. ಅದರಿಂದ ಎಲ್ಲರಿಗೂ ನಗಲು ಧೈರ್ಯ ಬಂದಿತು, ನಗುವಿನಲ್ಲಿಯೇ ನಿರ್ಧಾರವೂ ಆಯಿತು. ಈ ಸಲ ಇದ್ದದ್ದನ್ನು ಇದ್ದ ಹಾಗೆ ತೋರಿಸುವುದು.

ಈ ಸಲದ ಸಾಹೇಬರು ಬೇರೆ, ತೆಳ್ಳಗಿನವರು. ಗುಡಿಯ ಪಡಸಾಲೆಯಲ್ಲೇ ಕೂರಿಸಿದೆವು. ಕುರಿಗಳು ತಮ್ಮ ಪಾಡಿಗೆ ಬಂದವು. ಸಾಹೇಬರು ಅಕ್ಕನನ್ನು ಏನು ಬೇಕಮ್ಮ ಎಂದು ಕೇಳಿದರು.

"ದುರ್ಬೀನ ಬೇಕ್ರಿ, ಸಣ್ಣದು ದೊಡ್ಡದಾಗಿ ಕಾಣೂದು. ಒಂದ ಸಲ ನೋಡೇನ್ರಿ."

"ಇಲ್ಲೇ ಇದೆಯಲ್ಲ. ಹಿಂದಿನ ವರದಿಯಲ್ಲಿದೆ." ಅವರು ಕಡತದ ಹಾಳೆ ತಿರುವಿದರು. "ಎಲ್ಲಿ ಹೋಯಿತು ಅದು?"

ಹೆಡ್ ಮಾಸ್ತರರು ನಿಜ ಹೇಳಿದರು. ಬೇಡಿ ತಂದದ್ದು, ತಿರುಗಿ ಕೊಟ್ಟದ್ದು, ಅಂಕಣ ಯಾರದು, ಬೆಂಚು ಯಾರವು, ಎಲ್ಲವನ್ನೂ ಹೇಳಿದರು. ನನ್ನ ಪಾಠದ ವಿಷಯ ಮಾತ್ರ ಹೇಳಲಿಲ್ಲ. ಆ ಉಪಕಾರ ನಾನು ಮರೆತಿಲ್ಲ. ಸಾಹೇಬರು ಊಟ ಮಾಡಲಿಲ್ಲ. ಬರೆದುಕೊಳ್ಳುತ್ತಲೇ ಇದ್ದರು. ಇಷ್ಟು ಬರೆಯುತ್ತಾರೆಂದರೆ ಈ ಸಲ ಬಂದೇ ಬರುತ್ತದೆ ಎಂದು ನಾವು ಒಬ್ಬರಿಗೊಬ್ಬರು ಕಣ್ಣು ಹೊಡೆದೆವು.

ಕಾಗದ ಒಂದೇ ತಿಂಗಳಿಗೆ ಬಂದಿತು. ಸದರಿ ಶಾಲೆಯಲ್ಲಿ ಕೋಣೆ ಇಲ್ಲ, ಉಪಕರಣವಿಲ್ಲ, ವಿಜ್ಞಾನ ಶಿಕ್ಷಕರಿಲ್ಲ. ಕನಿಷ್ಠ ಸೌಲಭ್ಯವೂ ಇಲ್ಲದ ಕಾರಣ ಒಂಬತ್ತನೆಯ ತರಗತಿ ಕೊಡಲಾಗುವುದಿಲ್ಲ, ಬರುವ ವರ್ಷದಿಂದ ಎಂಟನೆಯ ತರಗತಿಯನ್ನೂ ಮುಚ್ಚತಕ್ಕದ್ದು. ಹಿಂದಿನ ವರ್ಷ ತಪ್ಪು ಮಾಹಿತಿ ಕೊಟ್ಟದ್ದಕ್ಕೆ ಹೆಡ್ ಮಾಸ್ತರರು ಸಮಜಾಯಿಷಿ ಬರೆಯತಕ್ಕದ್ದು.

ಎರಡೂ ಕಾಗದಗಳನ್ನು ಹೆಡ್ ಮಾಸ್ತರರು ಗುಡಿಯ ಕಟ್ಟೆಯ ಮೇಲೆ ಜೊತೆಗಿಟ್ಟರು. ನಾನು ಈಗಲೂ ಅವೆರಡನ್ನು ಕಣ್ಣ ಮುಂದೆ ತಂದುಕೊಳ್ಳಬಲ್ಲೆ. ಇದೆ ಎಂದರೆ, ಇದೆಯಲ್ಲ, ಯಾಕೆ ಕೊಡಬೇಕು? ಇಲ್ಲವೆಂದರೆ, ಇಲ್ಲವಲ್ಲ, ಹೇಗೆ ಕೊಡಬೇಕು? ಇದೇನು ಲೆಕ್ಕ ರೀ? ಕೊಡಬಾರದೆಂದು ಮೊದಲೇ ಗಂಟು ಹಾಕಿಕೊಂಡು ಕೂತವರು ಸಾಹೇಬರನ್ನು ಯಾಕೆ ಕಳಿಸಬೇಕು, ಹೋಳಿಗೆ ಯಾಕೆ ತಿನ್ನಬೇಕು? ಸಣ್ಣ ಶಾಲೆ ಎಷ್ಟು ತೆರೆದೆವೆಂದು ಭಾಷಣದಲ್ಲಿ ಹೇಳಬಹುದು, ಕಾಲೇಜಿನ ಕಲ್ಲಿಗೆ ಹೆಸರು ಕೆತ್ತಿಸಬಹುದು. ನಡುವಿನ ಮೂರು ತರಗತಿಗೆ ಭಾಷಣವೂ ಇಲ್ಲ, ಕಲ್ಲೂ ಇಲ್ಲ. ಹುಡುಗಿಯರು ಜಾರಿ ಬೀಳುವ ಜಾಗ ಅದೇ, ಖರ್ಚು ಮಾಡದೆ ಬಿಟ್ಟ ಜಾಗವೂ ಅದೇ. ಬೀರಪ್ಪನ ಗುಡಿಯಿಂದ ಇದು ಸ್ಪಷ್ಟವಾಗಿ ಕಾಣುತ್ತಿತ್ತು. ಮೇಲಿನವರಿಗೆ ಕಾಣದಿದ್ದರೆ ಅವರೇ ಕಣ್ಣಿಗೆ ದುರ್ಬೀನು ಹಚ್ಚಿಕೊಳ್ಳಬೇಕಿತ್ತು.

ಹೆಡ್ ಮಾಸ್ತರರಿಗೆ ಬಾದಾಮಿಯ ಆಚೆಗೆ ವರ್ಗವಾಯಿತು. ನಾನು ಬುತ್ತಿ ಕಟ್ಟಿಕೊಂಡು ಕಮತಗಿಗೆ ಒಂಬತ್ತನೆಯ ತರಗತಿಗೆ ನಡೆದೆ. ಎರಡು ಸಲ ಎಂಟು ಪಾಸಾದ ಅಕ್ಕ ಕುಣಿಗೆ ಇಳಿದಳು.

ಇಳಿದ ವಾರದಲ್ಲೇ ನನ್ನನ್ನು ಕರೆದಳು. "ಬಾರೋ ಇಲ್ಲಿ. ಇವತ್ತ ನಿಮ್ಮ ವಿಜ್ಞಾನದ ಮಾಸ್ತರು ಏನು ಹೇಳಿದ್ರು, ಅವರಂಗ ಹೇಳು. ನಿನ್ನಂಗ ಬ್ಯಾಡ, ಅವರಂಗ."

ಆವತ್ತಿನಿಂದ ದಿನಾ ಸಂಜೆ ಮಗ್ಗದ ಮನೆಯಲ್ಲಿ ಶಾಲೆ. ನಾನು ಕಟ್ಟೆಯ ಮೇಲೆ ನಿಂತು ಕಮತಗಿಯ ಮಾಸ್ತರರಾಗುತ್ತಿದ್ದೆ, ಅವರ ತೊದಲು, ಅವರ ನಶ್ಯದ ಸೀನು, ಎಲ್ಲ ಸಮೇತ. ಅವಳು ಲಾಳಿ ಎಸೆಯುತ್ತ ಕೇಳುತ್ತಿದ್ದಳು. ಅಪ್ಪ ಮೊದಮೊದಲು ಕೆಮ್ಮಿದ, ಆಮೇಲೆ ಅವನೂ ಕೇಳತೊಡಗಿದ. ಹಿಂದಿನ ಬೆಂಚಿನಲ್ಲಿ ನಾನು ನಿದ್ದೆ ಹೋದ ದಿನಗಳು ಅಕ್ಕನಿಗೆ ಸಿಕ್ಕಿಬೀಳುತ್ತಿದ್ದವು. "ಇಲ್ಲಿ ಏನೋ ಬಿಟ್ಟೀಯಲೇ. ಹೃದಯದಿಂದ ರಕ್ತ ಹೊರಗ ಬಂತು, ತಿರುಗಿ ಹೆಂಗ ಹೋತು?" ಎನ್ನುತ್ತಿದ್ದಳು. ನನಗೆ ಗೊತ್ತಿರುತ್ತಿರಲಿಲ್ಲ. ಅವಳು ಕೇಳುವ ಪ್ರಶ್ನೆಗೆ ಮಾಸ್ತರರು ಬೇಕಿತ್ತು, ಇದ್ದದ್ದು ಮಾಸ್ತರರ ದನಿ.

ಎರಡು ವರ್ಷ ಹಾಗೆಯೇ ನಡೆಯಿತು. ನಾನು ಎಸ್ಸೆಸ್ಸೆಲ್ಸಿಗೆ ಕೂತ ವರ್ಷ ಅವಳು ಹೊರಗಿನಿಂದ ಪರೀಕ್ಷೆ ಕಟ್ಟಿದಳು. ಹುನಗುಂದದ ಕೇಂದ್ರಕ್ಕೆ ಅಪ್ಪ ತಾನೇ ಕರೆದುಕೊಂಡು ಹೋದ, ಊರು ದಾಟಿ. ಅವನು ಮಾತು ಮುರಿದದ್ದು ಅದೊಂದೇ ಸಲ.

ವಿಜ್ಞಾನದ ಪತ್ರಿಕೆ ಮುಗಿಸಿ ಹೊರಗೆ ಬಂದವಳ ಮುಖದಲ್ಲಿ ಒಂಥರ ನಗು ಇತ್ತು. ಸೂಕ್ಷ್ಮದರ್ಶಕದ ಚಿತ್ರ ಬರೆದು ಭಾಗಗಳನ್ನು ಗುರುತಿಸಿರಿ ಎಂದು ಕೇಳಿದ್ದರು. ನನಗೆ ಖುಷಿಯಾಯಿತು; ಅದೊಂದು ನಾವಿಬ್ಬರೂ ಕಣ್ಣಾರೆ ಕಂಡದ್ದು.

"ಹೆಂಗ ತೆಗದಿ?"

"ತೋಳು ತೆಗದೆ, ಕಂಬ ತೆಗದೆ, ತಿರುಪು ತೆಗದೆ. ತೋಳಿಗೆ ದಾರ ಸುತ್ತಿದ್ದು ತೆಗದೆ. ಬಾಣ ಹಾಕಿ ಕೆಂಪು ರೇಷ್ಮಿ ದಾರ ಅಂತ ಬರದೆ."

"ಹುಚ್ಚಿ! ಪುಸ್ತಕದಾಗಿನ ಚಿತ್ರದಾಗ ದಾರ ಎಲ್ಲೈತಿ?"

"ಪುಸ್ತಕದಾಗ ಇಲ್ಲ, ನನಗ ಗೊತ್ತೈತಿ," ಎಂದಳು. "ನಮಗ ತೋರಿಸಿದ್ದಕ್ಕ ಇತ್ತು. ಒಂದ ಸಲ ಎಲ್ಲಾ ಐತಿ ಅಂತ ಸುಳ್ಳು ತೋರಿಸಿ ನೋಡೇವಿ. ನಾ ಇನ್ನ ಸುಳ್ಳು ಬರಿಯೂದಿಲ್ಲ."

ಅಪ್ಪ ಕೆಮ್ಮಿದ. ಒಂದೇ ಸಲ. ಬೈಯಲಿಲ್ಲ.

ನಾನು ಪಾಸಾದೆ, ಕೊನೆಯ ದರ್ಜೆಯಲ್ಲಿ. ಅಕ್ಕ ಉಳಿದೆಲ್ಲ ವಿಷಯದಲ್ಲಿ ನನ್ನನ್ನು ಮೀರಿಸಿ ವಿಜ್ಞಾನದಲ್ಲಿ ನಪಾಸಾದಳು. ಅಂಕಪಟ್ಟಿಯನ್ನು ಮಗ್ಗದ ಗೂಟಕ್ಕೆ ಸಿಕ್ಕಿಸಿ ಲಾಳಿ ಎಸೆಯತೊಡಗಿದಳು. ಎರಡು ಬೆರಳಿನಷ್ಟು ನೇದ ಮೇಲೆ ತಲೆಯೆತ್ತದೆ, "ಆ ಚುಕ್ಕಿ ಯಾಕ ಇರತೈತಿ ಅಂತ ನಿಮ್ಮ ಮಾಸ್ತರನ್ನ ಕೇಳಿ ಬಾ. ಮುಂದಿನ ಸಲ ಕಟ್ತೇನಿ," ಎಂದಳು.